ವಿಷಯ: ಅಡುಗೆ ಕಟ್ಟೆ ಅಪೂರ್ಣವಾಗಿ ಉಳಿದಿರುವ ಬಗ್ಗೆ

4 ಮಾರ್ಚ್, ಸೋಮವಾರ

ಇವತ್ತೂ ಬರಲಿಲ್ಲ.

ಫೋನ್ ಮಾಡಿದರೆ ಅದೇ ರಾಗ. "ನಾಳೆ ಬೆಳಿಗ್ಗೆ ಬಂದೇಬಿಡ್ತೀನಿ ಸಾರ್." ಯಾವ ನಾಳೆ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿರುತ್ತದೆ. ಈ ಗಾರೆ ಮೇಸ್ತ್ರಿಗೆ ಹೆತ್ತವರು ಏನೋ ಒಂದು ಹೆಸರು ಇಟ್ಟಿದ್ದಾರೆ. ಈ ಪುಸ್ತಕದಲ್ಲಿ ಮಾತ್ರ ಅವನು ಇನ್ನು ಮೇಲೆ ನಾಳೆಯಪ್ಪ.

ಕೋರ್ಟಿಗೆ ಹೋಗುವುದೇ ಆದರೆ ಎಲ್ಲವೂ ಬರವಣಿಗೆಯಲ್ಲಿ ಇರಲಿ ಎಂದು ಇದನ್ನು ಶುರು ಮಾಡಿದ್ದೇನೆ. ಸಂಗತಿ ಇಷ್ಟು. ನಮ್ಮ ಅಡುಗೆಮನೆಯ ಕಟ್ಟೆ ನನ್ನ ಅಮ್ಮನ ಕಾಲದ್ದು. ಕಲ್ಲು ಬಿರುಕು ಬಿಟ್ಟು ಸಂದಿಯಲ್ಲಿ ಇರುವೆಗಳು ಸಂಸಾರ ಹೂಡಿದ್ದರಿಂದ ಹೊಸದು ಹಾಕಿಸುವುದೆಂದಾಯಿತು. ನಾನೇ ಸ್ಕೇಲು, ಪೆನ್ಸಿಲು ಹಿಡಿದು ನಕ್ಷೆ ಬರೆದೆ. ಎತ್ತರ ಮೂರಡಿ, ಅಮ್ಮ ಕಟ್ಟಿಸಿದಷ್ಟೇ. ಕೆಳಗೆ ನಾಳೆಯಪ್ಪನ ಸಹಿ ಹಾಕಿಸಿಕೊಂಡೆ. ಮೊದಲ ದಿನವೇ ಇಟ್ಟಿಗೆ ಸಾಲು ಒಂದಿಂಚು ಆಚೆ ಹೋಗಿತ್ತು, ಒಡೆಸಿ ಮತ್ತೆ ಕಟ್ಟಿಸಿದೆ. ಕೆಲಸ ಎಂದರೆ ಹಾಗೆ ಮಾಡಿಸಬೇಕು. ಕಲ್ಲು ಕೂರಿಸುವ ಇಟ್ಟಿಗೆ ಗೋಡೆಗಳು ಮೊಣಕಾಲೆತ್ತರಕ್ಕೆ ಬಂದವು. ಆಮೇಲೆ ಅವನು ಹೋದ. ಹೋದವನು ಹೋದ. ಹೊಸ ಕಲ್ಲು ಹೊರಗೆ ಗೋಡೆಗೊರಗಿ ನಿಂತಿದೆ, ಅದರ ನೆರಳಲ್ಲಿ ಬೀದಿ ನಾಯಿ ಮಲಗಿ ನಿದ್ದೆ ಹೊಡೆಯುತ್ತದೆ. ಆ ಕಲ್ಲಿನಿಂದ ಈವರೆಗೆ ಸುಖ ಕಂಡದ್ದು ಅದೊಂದೇ.

ಒಲೆ ಈಗ ಹಾಲ್‌ನಲ್ಲಿ, ನನ್ನ ಬರೆಯುವ ಮೇಜಿನ ಮೇಲೆ! ಇವಳು, ನನ್ನ ಹೆಂಡತಿ, ದಿನಾ ಹತ್ತು ಜನರಿಗೆ ಮಧ್ಯಾಹ್ನದ ಊಟದ ಡಬ್ಬಿ ಕಟ್ಟಿ ಕೊಡುತ್ತಾಳೆ. ಎದುರಿನ ಕನ್ನಡಕದಂಗಡಿಯವರು, ಬ್ಯಾಂಕಿನವರು, ಇಂಥವರಿಗೆ. ಅದು ನಿಲ್ಲಬಾರದಂತೆ. ಈ ಬೇಸಿಗೆ ಕಳೆದ ಮೇಲೆ ಡಬ್ಬಿ ನಿಲ್ಲಿಸಿಬಿಡುತ್ತೇನೆ ಎಂದು ತಾನೇ ಹೇಳಿದ್ದಳು. ವಯಸ್ಸಾಯಿತಲ್ಲ, ನಾನೂ ಹೂಂ ಅಂದಿದ್ದೆ. ಅಲ್ಲಿಯವರೆಗೆ ನನ್ನ ಮೇಜಿಗೆ ಒಗ್ಗರಣೆಯೇ ಗತಿ. ನಾನು ಇಸ್ತ್ರಿ ಮಾಡುವ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೂತು ಎಂದರೆ ಅದರ ಮೇಲಲ್ಲ, ಅದರ ಮುಂದೆ. ಅದು ಒಂದೊಂದು ಸಾಲಿಗೂ ಅಲ್ಲಾಡುತ್ತದೆ.

ಮೂವತ್ತು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಪತ್ರ ಬರೆದವನು ನಾನು. ನನ್ನ ಪತ್ರ ತಲುಪಿದರೆ ದೊಡ್ಡ ದೊಡ್ಡ ಗುತ್ತಿಗೆದಾರರೇ ಬಾಲ ಮುದುರಿಕೊಂಡು ಬರುತ್ತಿದ್ದರು. ಈ ನಾಳೆಯಪ್ಪ ಯಾವ ಲೆಕ್ಕ?

6 ಮಾರ್ಚ್, ಬುಧವಾರ

ಪತ್ರದ ಮೊದಲ ಕರಡು ಮುಗಿಯಿತು. ನಾಲ್ಕು ಪುಟ. 'ಮೋಸಗಾರ', 'ಮಾನ ಮರ್ಯಾದೆ ಇಲ್ಲದ', 'ಹೊಟ್ಟೆಗೆ ಏನು ತಿನ್ನುತ್ತೀರಿ' ಎಂಬ ಮಾತುಗಳೆಲ್ಲ ತಕ್ಕ ಜಾಗದಲ್ಲಿ ಚೆನ್ನಾಗಿ ಕೂತಿದ್ದವು.

ಸಂಜೆ ಇವಳ ತಮ್ಮ ಬಂದ. ವಕೀಲ. ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಕ್ಕಿದ್ದಕ್ಕೆ ಬಂದ ನೀರು ಅದು.

"ಭಾವ, ಇದು ಪತ್ರ ಅಲ್ಲ, ಜಗಳ."

"ಮತ್ತೆ ಅವನ ಪಾದಪೂಜೆ ಮಾಡ್ಬೇಕಾ?"

"ಕೋರ್ಟಿಗೆ ಹೋಗೋ ಮುಂಚೆ ಅವನಿಗೆ ಸರಿ ಮಾಡ್ಕೊಳ್ಳೋಕೆ ಒಂದು ಅವಕಾಶ ಕೊಟ್ಟಿದ್ವಿ ಅಂತ ತೋರಿಸ್ಬೇಕು. ಏನಾಯ್ತು, ಏನಾಗ್ಬೇಕು, ಎಷ್ಟು ದಿನದೊಳಗೆ. ಇಷ್ಟೇ. ನಡೆದದ್ದು ಮಾತ್ರ ಬರೀರಿ, ನಿಮಗೆ ಅನಿಸಿದ್ದು ಬೇಡ."

ನಾಲ್ಕು ಪುಟದಲ್ಲಿ ಅವನು ಉಳಿಸಿದ್ದು ದಿನಾಂಕ ಮತ್ತು 'ಮಾನ್ಯರೇ'.

ಆಮೇಲೆ ಮುಂಗಡದ ರಸೀದಿ ಕೇಳಿದ. ರಸೀದಿ ಇವಳ ಹೆಸರಿನಲ್ಲಿದೆ. ಮುಂಗಡ ಕೊಟ್ಟದ್ದು ಇವಳ ಡಬ್ಬಿ ದುಡ್ಡಿನಿಂದ, ಅವತ್ತು ನಾನು ಪಿಂಚಣಿ ಕೆಲಸಕ್ಕೆ ಹೋಗಿದ್ದೆ. "ಹಾಗಾದ್ರೆ ಪತ್ರ ಅಕ್ಕನ ಹೆಸರಲ್ಲೇ ಹೋಗ್ಬೇಕು. ಅಕ್ಕನೇ ಸಹಿ ಹಾಕ್ಬೇಕು. ಅಕ್ಕನ್ನ ಕೂರಿಸ್ಕೊಂಡು ಒಂದ್ಸಲ ಎಲ್ಲಾ ಕೇಳಿ ಬರೀರಿ."

"ಅವಳನ್ನೇನು ಕೇಳೋದು? ಎಲ್ಲಾ ನನಗೇ ಗೊತ್ತಿದೆಯಲ್ಲ."

ಇವಳು ಸೌಟು ಹಿಡಿದುಕೊಂಡೇ ಈ ಕಡೆ ತಿರುಗಿ, "ರೀ, ಅದು ಏನಾಯ್ತು ಅಂದ್ರೆ..." ಎಂದಳು. "ಇರೇ, ಕಾನೂನಿನ ಮಾತು ನಡೀತಿದೆ" ಎಂದೆ. ಮಾತಿನ ಎಳೆ ತಪ್ಪಿದರೆ ಮತ್ತೆ ಹಿಡಿಯುವುದು ನನಗೆ ಕಷ್ಟ.

9 ಮಾರ್ಚ್, ಶನಿವಾರ

ಹೆಂಗಸಿನ ಧ್ವನಿಯಲ್ಲಿ ಬರೆಯುವುದು ನಾನು ಅಂದುಕೊಂಡಷ್ಟು ಸುಲಭವಲ್ಲ. ಆದರೂ ಕೈ ಕುದುರಿದೆ. "ಕೆಳಗೆ ಸಹಿ ಮಾಡಿರುವ ನಾನು ಒಬ್ಬ ಗೃಹಿಣಿಯಾಗಿದ್ದು, ತಮ್ಮ ಬೇಜವಾಬ್ದಾರಿಯ ದೆಸೆಯಿಂದ ತೀವ್ರ ಮಾನಸಿಕ ಯಾತನೆಗೆ ಒಳಗಾಗಿರುತ್ತೇನೆ." ಓದಿದರೆ ನನಗೇ ಕರುಳು ಚುರ್ ಎನ್ನುತ್ತದೆ. ಯಾತನೆಗೆ ಒಳಗಾದವಳು ಮಾತ್ರ ನನ್ನ ಮೇಜಿನ ಮುಂದೆ ನಿಂತು ಹಾಡು ಗುನುಗುತ್ತಾ ಬೀನ್ಸ್ ಹೆಚ್ಚುತ್ತಿದ್ದಳು. ಸ್ವಲ್ಪ ಮೆಲ್ಲಗೆ ಎಂದೆ. ಹಾಡುವ ಹೆಂಗಸನ್ನು ಮುಂದಿಟ್ಟುಕೊಂಡು ಯಾತನೆ ಬರೆಯುವುದು ಹೇಗೆ?

ನಷ್ಟದ ಪಟ್ಟಿಯಲ್ಲಿ ಅವಳ ಭುಜನೋವನ್ನೂ ಸೇರಿಸಿದೆ. ವರ್ಷಗಳಿಂದ ಇರುವ ನೋವು. ಈ ಗೊಂದಲದಲ್ಲಿ ಹೆಚ್ಚಾಗದೆ ಇದ್ದೀತೇ? "ಭುಜದ ನೋವು ಉಲ್ಬಣಿಸಿರುತ್ತದೆ." ನ್ಯಾಯಾಧೀಶರಿಗೆ ಇಂಥದ್ದು ನಾಟುತ್ತದೆ.

ಅಂದ ಹಾಗೆ, ಕಳೆದ ತಿಂಗಳ ಕೊನೆಗೆ ತಂದುಕೊಟ್ಟ ಮುಲಾಮಿನ ಮುಚ್ಚಳವನ್ನೂ ಅವಳು ತೆರೆದಿಲ್ಲ. ಬಿಸಿಲಲ್ಲಿ ಔಷಧಿ ಅಂಗಡಿಗೆ ನಡೆದವನು ನಾನು. ತಂದದ್ದಕ್ಕೆ ಈ ಮನೆಯಲ್ಲಿ ಬೆಲೆ ಇಲ್ಲ.

11 ಮಾರ್ಚ್, ಸೋಮವಾರ

ಸಿಕ್ಕಿಬಿದ್ದ!

ಪತ್ರಕ್ಕೆ ಸಾಕ್ಷ್ಯ ಬೇಕೆಂದು ಅಳತೆ ಟೇಪು ಹಿಡಿದು ಅಡುಗೆಮನೆಗೆ ಹೋದೆ. ಹೋಗುವಾಗ ಬಾಗಿಲ ಹತ್ತಿರ ಇವಳ ಮಣೆ ಎಡವಿ ಕಾಲಿನ ಹೆಬ್ಬೆರಳು ಜಜ್ಜಿಹೋಯಿತು. ಅಡುಗೆಮನೆಯಲ್ಲಿದ್ದಷ್ಟು ದಿನ ಅದರ ಮೇಲೇ ಹತ್ತಿ ನಿಂತು ಅಡುಗೆ ಮಾಡುತ್ತಿದ್ದಳು. ಈಗ ಅದರ ಮೇಲೆ ನಿಲ್ಲುವುದೂ ಇಲ್ಲ, ತೆಗೆದಿಡುವುದೂ ಇಲ್ಲ. ಕುಂಟಿಕೊಂಡೇ ಅಳತೆ ಮಾಡಿದೆ. ಗೋಡೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಎಳೆದ ಗೆರೆ ಇದೆ, ಕಲ್ಲು ಕೂರಬೇಕಾದ ಮಟ್ಟದ ಗೆರೆ. ನಕ್ಷೆಯಲ್ಲಿ ಮೂರಡಿ. ಗೆರೆ ಇರುವುದು ಎರಡೂವರೆ ಅಡಿಗೆ. ಅರ್ಧ ಅಡಿ ನುಂಗಿದ್ದಾನೆ! ಇಟ್ಟಿಗೆ ಉಳಿಸುವುದಕ್ಕೆ ಎಂಥ ಉಪಾಯ.

ಇವಳು ಬಾಗಿಲಲ್ಲಿ ಬಂದು ನಿಂತಳು. "ರೀ, ಆ ಗೆರೆ ಇದೆಯಲ್ಲ..."

"ನೋಡ್ದೆ, ನೋಡ್ದೆ. ಅವನ ಬಂಡವಾಳ ಬಯಲಾಯ್ತು. ಇದನ್ನ ಮೂರನೇ ಆರೋಪ ಮಾಡ್ತೀನಿ."

"ಹಾಗಲ್ಲ ರೀ..."

ಅಷ್ಟರಲ್ಲಿ ಹಾಲ್‌ನಲ್ಲಿ ಅನ್ನ ಉಕ್ಕಿತು. ನನ್ನ ಮೇಜಿನ ಖಾನೆಯೊಳಗೆ ಗಂಜಿ ಇಳಿದು ಅಂಚೆ ಚೀಟಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಅವುಗಳನ್ನು ಬಿಡಿಸುವುದರಲ್ಲೇ ಬೆಳಗು ಹೋಯಿತು.

12 ಮಾರ್ಚ್, ಮಂಗಳವಾರ

ಫೋನ್ ಮಾಡಿದೆ. ನಾಳೆಯಂತೆ.

15 ಮಾರ್ಚ್, ಶುಕ್ರವಾರ

ಹುಡುಕಿಕೊಂಡೇ ಹೋದೆ. ಮೂರು ಬೀದಿ ಆಚೆ ಯಾರದೋ ಬಚ್ಚಲುಮನೆಗೆ ಟೈಲ್ಸ್ ಕೂರಿಸುತ್ತಿದ್ದ. ನನ್ನನ್ನು ಕಂಡವನೇ ಬಕೆಟಿನ ಹಿಂದೆ ಅಡಗುವವನ ಹಾಗೆ ಬಗ್ಗಿದ. ಬಕೆಟಿನ ಹಿಂದೆ ಅಡಗುವ ಮೈಕಟ್ಟು ಅವನದಲ್ಲ.

"ಏನಪ್ಪಾ, ನಿನ್ನ ನಾಳೆ ಇಲ್ಲಿ ನಡೀತಿದೆಯಾ?"

"ಸಾರ್, ಒಂದೇ ಒಂದು ಗೋಡೆ ಉಳಿದಿದೆ. ಇದು ಮುಗಿಸ್ಕೊಂಡು ನಿಮ್ದೇ."

"ನಮ್ಮ ಕೆಲಸ ಬಿಟ್ಟು ಇದನ್ನ ಯಾಕೆ ಹಿಡಿದೆ?"

ತಲೆ ಕೆರೆದುಕೊಂಡ. "ಸಾರ್, ಮನೇಲಿ ಅಮ್ಮನ್ನ ಒಂದ್ಸಲ ಕೇಳ್ಬಿಡಿ."

"ಅಮ್ಮನ್ನ ಯಾಕಯ್ಯ ಕೇಳ್ಬೇಕು? ನಕ್ಷೆಗೆ ಸಹಿ ಹಾಕಿದ್ದು ನೀನು."

"ಅದೇ ಸಾರ್ ನನ್ನ ಕಷ್ಟ" ಎಂದ. ಆಮೇಲೆ ಟೈಲ್ಸಿಗೆ ಗಾರೆ ಬಳಿಯತೊಡಗಿದ.

ತಪ್ಪು ತನ್ನದಾದಾಗ ಮನೆಯ ಹೆಂಗಸರ ಕಡೆ ಕೈ ತೋರಿಸುವುದು! ಪಿತ್ತ ನೆತ್ತಿಗೇರಿತು. ಬರುವ ದಾರಿಯುದ್ದಕ್ಕೂ ಐದನೇ ಪ್ಯಾರಾ ಮನಸ್ಸಿನಲ್ಲೇ ಬರೆದುಕೊಂಡು ಬಂದೆ. ಮನೆಗೆ ಬಂದಾಗ ಇವಳು ನೀರು ಕೊಟ್ಟು, "ಏನಂದ್ರು ಮೇಸ್ತ್ರಿ? ನನ್ನ ವಿಷಯ ಏನಾದ್ರೂ ಅಂದ್ರಾ?" ಎಂದು ಕೇಳಿದಳು.

"ನಿನ್ನ ವಿಷಯ ಅದ್ರಲ್ಲಿ ಎಲ್ಲಿಂದ ಬರುತ್ತೆ?"

ಲೋಟ ತೆಗೆದುಕೊಂಡು ಒಲೆಯ ಕಡೆ ತಿರುಗಿಕೊಂಡಳು. ಈ ಜನರ ಜೊತೆ ನಾನೊಬ್ಬನೇ ಎಷ್ಟೆಂದು ಹೊಡೆದಾಡಲಿ? ಐದನೇ ಪ್ಯಾರಾ ಮಾತ್ರ ಬಹಳ ಚೆನ್ನಾಗಿ ಬಂತು.

19 ಮಾರ್ಚ್, ಮಂಗಳವಾರ

ಇವತ್ತಿನದನ್ನು ಬರೆಯಲೇ ಬೇಡವೇ ಎಂದು ಬಹಳ ಹೊತ್ತು ಕೂತಿದ್ದೆ. ಬರೆಯುತ್ತೇನೆ.

ಪತ್ರ ಸಿದ್ಧವಾಗಿತ್ತು. ಎರಡೇ ಪುಟ, ಒಂದೂ ಬೈಗುಳವಿಲ್ಲ, ಭಾವಮೈದುನ ಕೂಡ "ಈಗ ಸರಿ, ಅಕ್ಕ ಒಪ್ಪಿದ್ರೆ ಕಳಿಸಿ" ಎಂದಿದ್ದ. ಡಬ್ಬಿಗಳೆಲ್ಲ ಹೋದ ಮೇಲೆ ಇವಳ ಮುಂದಿಟ್ಟು ಪೆನ್ನಿನ ಕ್ಯಾಪ್ ತೆಗೆದು ಕೊಟ್ಟೆ. "ಇಲ್ಲಿ ಒಂದು ಸಹಿ ಹಾಕು."

ಇವಳು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಕುರ್ಚಿ ಎಳೆದು ಕೂತು ಓದತೊಡಗಿದಳು. ಸಹಿ ಹಾಕು ಅಂದರೆ ಓದುತ್ತಾಳೆ. ಓದಿ ಮುಗಿಸಿ ಪೆನ್ನಿನ ಕ್ಯಾಪ್ ಹಾಕಿ ನನಗೇ ವಾಪಸ್ ಕೊಟ್ಟಳು.

"ನಾನು ಹಾಕಲ್ಲ ರೀ."

"ಯಾಕೆ?"

"ಇದು ಸುಳ್ಳು."

ನನ್ನ ಮೂವತ್ತು ವರ್ಷದ ಪತ್ರಗಳಿಗೆ ಯಾವ ಅಧಿಕಾರಿಯೂ ಈ ಮಾತು ಅಂದಿರಲಿಲ್ಲ. ಯಾವುದು ಸುಳ್ಳು, ತೋರಿಸು ಎಂದೆ. ತೋರಿಸಿದಳು.

"'ಯಾತನೆ' ಅಂತ ಬರೆದಿದ್ದೀರಿ. ನನಗೆ ಯಾವ ಯಾತನೆನೂ ಇಲ್ಲ. 'ಗೃಹಿಣಿ' ಅಂತೀರಿ. ನಾನು ಡಬ್ಬಿ ಕಟ್ಟಿ ಕೊಡೋಳು, ಮುಂಗಡ ಕೊಟ್ಟದ್ದೂ ಅದೇ ದುಡ್ಡು. 'ಭುಜದ ನೋವು ಉಲ್ಬಣಿಸಿರುತ್ತದೆ.' ನನ್ನ ಭುಜದ ನೋವು ನಿಂತೇ ಹೋಗಿದೆ ರೀ. ಈ ನಿಮ್ಮ ಮೇಜಿನ ಮೇಲೆ ಒಲೆ ಇಟ್ಟ ನಾಲ್ಕೇ ದಿನಕ್ಕೆ ನಿಂತೋಯ್ತು."

"ಮೇಜಿಗೂ ಭುಜಕ್ಕೂ ಏನು ಸಂಬಂಧ?"

ಎದ್ದು ಒಲೆಯ ಮುಂದೆ ನಿಂತಳು. ಖಾಲಿ ಪಾತ್ರೆಯಲ್ಲಿ ಸೌಟು ಆಡಿಸಿ ತೋರಿಸಿದಳು. ಮೊಣಕೈ ಪಕ್ಕೆಗೆ ತಾಗಿಕೊಂಡೇ ಇತ್ತು. ಆಮೇಲೆ ಗಾಳಿಯಲ್ಲಿ ಹಳೆಯ ಕಟ್ಟೆಯಷ್ಟು ಎತ್ತರಕ್ಕೆ ಕೈ ಎತ್ತಿ ಹಾಗೆಯೇ ಆಡಿಸಿದಳು. ಭುಜ ಕಿವಿಯ ಹತ್ತಿರಕ್ಕೆ ಹೋಯಿತು. ಅವಳು ನನ್ನ ಎದೆಯವರೆಗೆ ಬರುತ್ತಾಳೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಮದುವೆಯ ಫೋಟೋ ತೆಗೆಯುವಾಗಲೇ ಎಲ್ಲರೂ ನಕ್ಕಿದ್ದರು.

"ನಿಮ್ಮಮ್ಮ ನಿಮ್ಮಷ್ಟೇ ಎತ್ತರ. ಅವರಿಗೆ ಅದು ಸರಿ ಇತ್ತು. ನಾನು ಬಂದಾಗಿಂದ ಮಣೆ ಹತ್ತಿ ನಿಂತೆ. ಮಣೆ ಮೇಲೆ ನಿಂತ್ರೂ ಸಾಲ್ತಿರ್ಲಿಲ್ಲ, ದೊಡ್ಡ ಪಾತ್ರೆಗೆ ಕೈ ಎತ್ತಲೇಬೇಕು. ಬೇಸಿಗೆ ಆದ್ಮೇಲೆ ಡಬ್ಬಿ ನಿಲ್ಲಿಸ್ತೀನಿ ಅಂದಿದ್ನಲ್ಲ, ಯಾಕೆ ಅಂದ್ಕೊಂಡ್ರಿ?"

"ವಯಸ್ಸಾಯ್ತಲ್ಲ ಅಂತ."

"ಅಡುಗೆ ಬೇಜಾರಾಗಿರ್ಲಿಲ್ಲ ನನಗೆ. ಕೈ ಎತ್ತೋಕೆ ಆಗ್ತಿರ್ಲಿಲ್ಲ. ಆ ಹತ್ತು ಡಬ್ಬಿ ನನ್ನದು ರೀ. ಈ ಮನೇಲಿ ಅದೊಂದು ನನ್ನದು. ನೀವು ಮೂರಡಿಗೆ ಕಲ್ಲು ಕೂರಿಸಿದ್ರೆ ಅದು ಹೋಗುತ್ತೆ. ಅದಕ್ಕೇ ಮೇಸ್ತ್ರಿಗೆ ಹೇಳ್ದೆ, ಎರಡು ದಿನ ತಡೀರಿ, ಅವರ ಹತ್ರ ಮಾತಾಡ್ತೀನಿ ಅಂತ. ಗೋಡೆ ಹತ್ರ ನಿಂತು ಗೆರೆ ಎಳೆಸಿದ್ದೂ ನಾನೇ."

"ಅವನು ಬಾಯಿ ಬಿಟ್ಟು ಹೇಳ್ಬಹುದಿತ್ತಲ್ಲ?"

"ಹೆದರ್ಕೊಂಡಿದ್ದಾರೆ. 'ಸಾರ್ ಹೊಸ ನಕ್ಷೆಗೆ ಸಹಿ ಹಾಕಿ ಕೊಡ್ಲಿ ಅಮ್ಮ, ಆಮೇಲೆ ಮುಟ್ತೀನಿ. ಒಂದಿಂಚಿಗೇ ನನ್ನ ಜನ್ಮ ಜಾಲಾಡಿದ್ರು, ಅರ್ಧ ಅಡಿಗೆ ಬಿಡ್ತಾರಾ' ಅಂದ್ರು."

"ಸರಿ, ನೀನು ಹೇಳ್ಬಹುದಿತ್ತಲ್ಲ ನನಗೆ?"

"ಹೇಳೋಕೆ ಬಂದಾಗಲೆಲ್ಲಾ ನೀವು ಪತ್ರ ಬರೀತಿದ್ರಿ."

"ಸ್ವಲ್ಪ ಜೋರಾಗಿ ಹೇಳ್ಬೇಕಿತ್ತು!"

"ಜೋರಾಗಿ ಹೇಳಿದ್ರೆ, ಜೋರು ಯಾಕೆ ಅಂತ ಮೊದಲು ಅದನ್ನ ಕೇಳ್ತಿದ್ರಿ."

ನನಗೆ ಕೋಪ ಬಂತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅವಮಾನವೂ ಆಯಿತು. ಎರಡು ವಾರ ಅವಳ ಹೆಸರಿನಲ್ಲಿ ಅವಳ ಕಷ್ಟ ಬರೆದಿದ್ದೇನೆ, ಅದರಲ್ಲಿ ಅವಳದು ಎಂಬ ಒಂದು ಕಷ್ಟವೂ ಇಲ್ಲ. ಎರಡು ಪುಟಗಳನ್ನೂ ಮಡಿಸಿ ಜೇಬಿಗಿಟ್ಟುಕೊಂಡು ಪಾರ್ಕಿಗೆ ಹೋದೆ. ಪಾರ್ಕಿನಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ, ವಾಪಸ್ ಬಂದೆ.

20 ಮಾರ್ಚ್, ಬುಧವಾರ

ಇಡೀ ದಿನ ಎಲ್ಲರ ಮೇಲೂ ಸಿಟ್ಟು. ನಾಳೆಯಪ್ಪನ ಮೇಲೆ, ಇವಳ ಮೇಲೆ, ನಗುವ ಭಾವಮೈದುನನ ಮೇಲೆ. ಅಮ್ಮನ ಮೇಲೂ. ಸೊಸೆ ಗಿಡ್ಡವಾಗಿ ಬರಬಹುದು ಎಂದು ಕಟ್ಟೆ ಕಟ್ಟಿಸುವಾಗ ಅವಳಿಗಾದರೂ ಹೊಳೆಯಬೇಕಿತ್ತು. ಸೊಸೆಯನ್ನು ನೋಡಿ ಒಪ್ಪಿದವಳೂ ಅವಳೇ ತಾನೆ?

ಇವಳು ತರಕಾರಿ ತರಲು ಹೋದಾಗ ನನ್ನ ಮೇಜನ್ನು ಟೇಪಿನಿಂದ ಅಳೆದೆ. ಒಲೆಯ ಎತ್ತರವನ್ನೂ ಬೇರೆಯಾಗಿ ಅಳೆದೆ. ಮೇಜು ಸರಿಯಾಗಿ ಎರಡೂವರೆ ಅಡಿ.

ಅಳೆದ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

23 ಮಾರ್ಚ್, ಶನಿವಾರ

"ಪತ್ರ ಕಳಿಸೋದು ಬೇಡ್ವಾ ಹಾಗಾದ್ರೆ?" ಎಂದು ನಾನೇ ಕೇಳಿದೆ. ಮೂರು ದಿನದಿಂದ ಮನೆಯಲ್ಲಿ ಉಪ್ಪು, ನೀರು, ಬಾಗಿಲು ಎಂಬಷ್ಟೇ ಮಾತು ನಡೆದಿತ್ತು.

"ಯಾಕೆ ಬೇಡ? ಎರಡು ದಿನ ತಡೀರಿ ಅಂದ್ರೆ ತಿಂಗಳು ಪೂರ್ತಿ ತಡೀರಿ ಅಂತ ಅರ್ಥನಾ? ನನ್ನ ಫೋನನ್ನೂ ಈಗ ಎತ್ತುತ್ತಿಲ್ಲ ಅವರು. ಬರ್ಕೊಳ್ಳಿ."

ಬಟಾಣಿ ಬಿಡಿಸುತ್ತಾ ಹೇಳಿದಳು. ಇಸ್ತ್ರಿ ಮೇಜಿನ ಮೇಲೆ ಬರೆದುಕೊಂಡೆ. 'ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂದು ಶುರು ಮಾಡಲೇ ಎಂದರೆ, "ಏನೆಂದರೆ ಅನ್ನೋಷ್ಟು ಹೊತ್ತಿಗೆ ಅದನ್ನೇ ಹೇಳ್ಬಹುದಲ್ಲ" ಎಂದಳು. ಹೊಡೆದು ಹಾಕಿದೆ. ಪತ್ರ ಇಷ್ಟೇ ಆಯಿತು:

"ಮೇಸ್ತ್ರಿಯವರಿಗೆ, ನಮ್ಮ ಅಡುಗೆ ಕಟ್ಟೆಯ ಕೆಲಸ ಒಪ್ಪಿಕೊಂಡು ಮುಂಗಡ ತೆಗೆದುಕೊಂಡಿದ್ದೀರಿ. ಎರಡು ದಿನ ತಡೆಯಿರಿ ಎಂದದ್ದು ನಾನು. ಆಮೇಲೆ ಬಾರದೆ ಇದ್ದದ್ದು ನೀವು. ಇಬ್ಬರಲ್ಲಿ ಯಾರ ಮಾತು ಕೇಳಬೇಕು ಎಂಬ ಹೆದರಿಕೆ ನಿಮಗಿದ್ದರೆ ಅದನ್ನು ನೇರವಾಗಿ ಹೇಳಬೇಕಿತ್ತು, ನಾಳೆ ಎನ್ನಬಾರದಿತ್ತು. ಆ ಕಟ್ಟೆಯ ಮುಂದೆ ದಿನಾ ಐದು ಗಂಟೆ ನಿಲ್ಲುವವಳು ನಾನು. ಕಟ್ಟೆಯ ಎತ್ತರ ಗೋಡೆಯ ಮೇಲಿನ ಗೆರೆಯಷ್ಟೇ ಇರಬೇಕು. ಈ ಪತ್ರ ತಲುಪಿದ ವಾರದೊಳಗೆ ಬಂದು ಕೆಲಸ ಮುಗಿಸಿ ಕೊಡಿ. ಇಲ್ಲದಿದ್ದರೆ ಮುಂಗಡ ವಾಪಸ್ ಕೊಡಿ. ಎರಡೂ ಆಗದಿದ್ದರೆ ನನ್ನ ತಮ್ಮ ವಕೀಲ, ಕೋರ್ಟಿಗೆ ಹೋಗುತ್ತೇನೆ. ಅಡುಗೆಮನೆಯ ಬಗ್ಗೆ ಇನ್ನು ಮುಂದೆ ಏನು ಕೇಳುವುದಿದ್ದರೂ ನನ್ನನ್ನು ಕೇಳಿ."

'ನನ್ನ ತಮ್ಮ ವಕೀಲ' ಎಂಬುದು ಆ ಜಾಗದಲ್ಲಿ ಸರಿ ಕೂರುವುದಿಲ್ಲ ಎಂದೆ. ಕೂರದಿದ್ದರೆ ನಿಂತಿರಲಿ ಎಂದಳು.

ಬರೆದು ಮುಗಿಸಿ ಓದಿದೆ. ಅರ್ಧ ಪುಟ. ಕಚೇರಿಯಲ್ಲಿ ಇಂಥ ಪತ್ರ ಹಿಡಿದು ಯಾರಾದರೂ ಬಂದಿದ್ದರೆ ವಾಪಸ್ ಕಳಿಸುತ್ತಿದ್ದೆ. ಒಂದು ಅಕ್ಷರ ತೆಗೆಯಲೂ ಜಾಗ ಸಿಗಲಿಲ್ಲ, ಹೊಟ್ಟೆ ಉರಿಯಿತು.

ಸಹಿ ಹಾಕುವ ಮುಂಚೆ ಇವಳು, "ನಿಮ್ಮ ಆಫೀಸ್ ಪತ್ರದಲ್ಲಿ ಕೆಳಗೆ 'ಪ್ರತಿ' ಅಂತ ಹಾಕಿ ಇನ್ನೊಬ್ಬರಿಗೂ ಕಳಿಸ್ತಿದ್ರಲ್ಲ" ಎಂದಳು.

"ಹೂಂ, ನಿನ್ನ ತಮ್ಮನಿಗೆ ಹಾಕೋಣ."

"ಅವನಿಗೆ ಬೇಡ. ನಿಮಗೆ ಹಾಕಿ."

"ನನಗ್ಯಾಕೆ? ಬರೆದವನೇ ನಾನಲ್ವಾ?"

"ಬರೆದೋರಿಗೆ ಗೊತ್ತಿರುತ್ತೆ ಅಂತ ಏನು ಗ್ಯಾರಂಟಿ?"

ನನ್ನ ಹೆಸರನ್ನು ನನ್ನ ಕೈಯಾರೆ ಬರೆದು, ಪಕ್ಕದಲ್ಲಿ 'ಮಾಹಿತಿಗಾಗಿ' ಎಂದು ಹಾಕಲೇ ಎಂದು ಕೇಳಿದೆ. ಇವಳು ಬಟಾಣಿ ಸಿಪ್ಪೆಯನ್ನೆಲ್ಲ ಒಟ್ಟು ಮಾಡುತ್ತಾ ಯೋಚಿಸಿದಳು.

"ಮಾಹಿತಿ ಸಾಲಲ್ಲ. ಅದೇನೋ ಇನ್ನೊಂದು ಬರೀತಿದ್ರಲ್ಲ?"

"ಸೂಕ್ತ ಕ್ರಮಕ್ಕಾಗಿ."

"ಅದೇ. ಅದು ಹಾಕಿ."

26 ಮಾರ್ಚ್, ಮಂಗಳವಾರ

ಅಂಚೆಯವನು ರಿಜಿಸ್ಟರ್ಡ್ ಪತ್ರ ತಂದು ಕೊಟ್ಟ. ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಎರಡೂ ಒಂದೇ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನೇಲಿ ಎಲ್ಲಾ ಕ್ಷೇಮನಾ ಸಾರ್?" ಎಂದ. ಸಹಿ ಹಾಕಿ ಬಾಗಿಲು ಹಾಕಿಕೊಂಡೆ. ನಿಜವಾಗಿಯೂ ಅಂಚೆಗೆ ಹಾಕುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

ಒಡೆದು ಓದಿದೆ. ಬರೆಯುವಾಗ ನಾಳೆಯಪ್ಪನಿಗೆ ಹೇಳಿದಂತಿದ್ದ ಮಾತುಗಳು ಲಕೋಟೆಯಿಂದ ಹೊರಗೆ ಬಂದಾಗ ಹಾಗೆ ಕಾಣಲಿಲ್ಲ. 'ಆ ಕಟ್ಟೆಯ ಮುಂದೆ ದಿನಾ ಐದು ಗಂಟೆ ನಿಲ್ಲುವವಳು ನಾನು' ಎಂಬಲ್ಲಿ ಬಹಳ ಹೊತ್ತು ನಿಂತೆ.

ಸೂಕ್ತ ಕ್ರಮ ಎಂದರೆ ಏನೆಂದು ಕಚೇರಿಯಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಫೈಲಿಗೆ ಹಾಕಿ ದಾರ ಕಟ್ಟುತ್ತಿದ್ದೆವು. ಇದಕ್ಕೆ ನನ್ನ ಹತ್ತಿರ ಫೈಲಿಲ್ಲ. ನಕ್ಷೆ ತೆಗೆದು, ಮೂರಡಿ ಎಂಬುದನ್ನು ಹೊಡೆದು, ಎರಡೂವರೆ ಎಂದು ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ತಿದ್ದಿದ ನಕ್ಷೆ ಅಸಹ್ಯವಾಗಿ ಕಾಣುತ್ತದೆ. ಇವಳ ಬೇಳೆ ಡಬ್ಬದ ಕೆಳಗೆ ಇಟ್ಟು ಬಂದೆ. ಸಂಜೆ ನೋಡಿದರೆ ಅಲ್ಲಿರಲಿಲ್ಲ.

29 ಮಾರ್ಚ್, ಶುಕ್ರವಾರ

ಬಂದ!

ಬೆಳಿಗ್ಗೆ ಏಳಕ್ಕೇ ಬಂದ. ಕೈಯಲ್ಲಿ ಪತ್ರ. ನನ್ನನ್ನು ದಾಟಿ ಸೀದಾ ಇವಳ ಹತ್ತಿರ ಹೋಗಿ, "ಏನಮ್ಮಾ, ಕೋರ್ಟು ಗೀರ್ಟು ಅಂತ ಬರೆದುಬಿಟ್ಟಿದ್ದೀರಿ, ನಮ್ಮ ಮನೆಯವಳು ಓದಿ ಬೆಳಿಗ್ಗೆ ಕಾಫಿನೂ ಕೊಡ್ಲಿಲ್ಲ" ಎಂದ. ಫೋನ್ ಎತ್ತದೆ ಇದ್ದದ್ದಕ್ಕೆ ಇವಳು ಅವನಿಗೆ ಸರಿಯಾಗಿ ಬಿಸಿ ಮುಟ್ಟಿಸಿದಳು. ನನ್ನ ನಾಲ್ಕು ಪುಟದಲ್ಲಿ ಇಲ್ಲದ ಒಂದೆರಡು ಮಾತುಗಳೂ ಬಂದವು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಆಮೇಲೆ ನನ್ನ ಕಡೆ ನೋಡಿದ. "ಸಾರ್, ನಕ್ಷೆ...?"

"ನನ್ನ ಮುಖ ಏನು ನೋಡ್ತೀಯ? ಅಮ್ಮನ್ನ ಕೇಳು."

ಮೂರು ಸಲ ಅಡುಗೆಮನೆಗೆ ಹೋಗಿ ಇಟ್ಟಿಗೆ ಸಾಲು ನೋಡಿದೆ. ಒಂದು ಕಡೆ ಸೊಟ್ಟ ಇದ್ದಂತೆ ಕಂಡಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಹೊರಗೆ ಹೋಗಿ ನಾಯಿಯ ಹತ್ತಿರ ಕೂತೆ. ಕಲ್ಲು ಒಳಗೆ ಹೋದದ್ದರಿಂದ ಅದಕ್ಕೂ ನೆರಳಿರಲಿಲ್ಲ.

5 ಏಪ್ರಿಲ್, ಶುಕ್ರವಾರ

ಮೇಜು ವಾಪಸ್ ಸಿಕ್ಕಿತು. ನಡುವೆ ಪಾತ್ರೆಯ ತಳದಷ್ಟು ಗುಂಡಗಿನ ಕಪ್ಪು ಕಲೆ, ಖಾನೆ ತೆರೆದರೆ ಈರುಳ್ಳಿ ವಾಸನೆ. ಯಾರಿಗೆ ದೂರು ಕೊಡಲಿ?

ಇವಳು ಬೇಸಿಗೆಯ ನಂತರ ಡಬ್ಬಿ ನಿಲ್ಲಿಸುವುದಿಲ್ಲವಂತೆ. ನಿಲ್ಲಿಸುವುದಿರಲಿ, ಕನ್ನಡಕದಂಗಡಿಯವರು ಹೇಳಿದರೆಂದು ಇನ್ನೂ ಮೂರು ಒಪ್ಪಿಕೊಂಡಿದ್ದಾಳೆ. ಹದಿಮೂರು ಡಬ್ಬಿಯ ಪಾತ್ರೆ ಒಬ್ಬಳೇ ತೊಳೆದು ಮುಗಿಸುವುದು ಯಾವಾಗ? ಹಾಗಾಗಿ ಈ ವಾರದಿಂದ ಪಾತ್ರೆ ನನ್ನ ಪಾಲಿಗೆ ಬಂದಿದೆ. ತಾತ್ಕಾಲಿಕ ವ್ಯವಸ್ಥೆ.

ತೊಳೆಯುವ ತೊಟ್ಟಿ ಅದೇ ಕಟ್ಟೆಯಲ್ಲಿದೆ. ನನ್ನ ಎತ್ತರಕ್ಕೆ ಎರಡೂವರೆ ಅಡಿ ಎಂದರೆ ಏನು ಗತಿ? ನೆಲದಲ್ಲಿ ಕಾಸು ಹುಡುಕುವವನ ಹಾಗೆ ನಿಲ್ಲಬೇಕು. ಇವತ್ತು ದೊಡ್ಡ ಪಾತ್ರೆಗೆ ಬರುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಕೈಯಿಂದ ನೀರು ಸೋರಿಸುತ್ತಲೇ ಹಾಲ್‌ಗೆ ಬಂದು ಹೇಳಿದೆ.

"ಈ ಎತ್ತರಕ್ಕೆ ನನಗೆ ಆಗಲ್ಲ ಕಣೇ. ಸೊಂಟ ಮುರಿದು ಹೋಗ್ತಿದೆ. ಮನುಷ್ಯ ಅನ್ನೋನು ನಿಂತು ಕೆಲಸ ಮಾಡೋ ಜಾಗನಾ ಅದು?"

ಇವಳು ಡಬ್ಬಿಗಳ ಮುಚ್ಚಳ ಜೋಡಿಸುತ್ತಾ ಗಡಿಯಾರ ನೋಡಿದಳು.

"ಕಾಲು ಗಂಟೆ ಆಯ್ತಾ ನಿಂತು?" ಎಂದಳು.

ಕೋಪದಿಂದ ಅಲ್ಲ. ನಿಜವಾಗಿಯೂ ಎಷ್ಟು ಹೊತ್ತಾಯಿತು ಎಂದು ತಿಳಿಯಲು ಕೇಳಿದ ಹಾಗಿತ್ತು. ನಾನು ಒಳಗೆ ಹೋಗಿ ಉಳಿದ ಪಾತ್ರೆಗಳನ್ನೆಲ್ಲ ತೊಳೆದೆ.